ಮಿಲ್ ಗೇಟು ಇದ್ದ ಕಡೆ

"ವಠಾರ ಕೆಡವ್ತಾರಂತೆ. ಜೂನ್ ಒಳಗೆ ಎಲ್ರೂ ಖಾಲಿ ಮಾಡ್ಬೇಕು. ಕರಗಕ್ಕೆ ಬಾ, ಹಂಗೇ ನೋಡ್ಕೊಂಡು ಹೋಗು."

ತಂಗಿ ಫೋನಿನಲ್ಲಿ ಹೇಳಿದ್ದು ಇಷ್ಟೇ. ಕರಗ ಈ ಸಲ ಶನಿವಾರ ರಾತ್ರಿ, 2025ರ ಏಪ್ರಿಲ್ 12. ಸೋಮವಾರ ಅಂಬೇಡ್ಕರ್ ಜಯಂತಿ. ಸಾಗರದಿಂದ ತಾಳಗುಪ್ಪ ರೈಲು ಹತ್ತಿದರೆ ಮಲಗಿಕೊಂಡೇ ಬೆಂಗಳೂರು ಸೇರಬಹುದು. ಟಿಕೆಟ್ ಮಾಡಿಸಿದೆ.

ನಮ್ಮ ಏರಿಯಾ ಯಾವುದು ಅಂತ ಕೇಳಿದರೆ ಒಂದು ಹೆಸರು ಹೇಳೋದು ಕಷ್ಟ. ರೇಷನ್ ಕಾರ್ಡಿನಲ್ಲಿ ಬಿನ್ನಿಪೇಟೆ. ಬಸ್ ಕಂಡಕ್ಟರಿಗೆ ಮಾಗಡಿ ರೋಡ್. ಗೋಪಾಲಪುರ ಒಂದು ಪಕ್ಕ, ಕೆ.ಪಿ. ಅಗ್ರಹಾರ ಇನ್ನೊಂದು ಪಕ್ಕ, ರೈಲು ಹಳಿ ಮತ್ತೊಂದು ಪಕ್ಕ. ಆದರೆ ಆಗ ಯಾರೂ ಇಷ್ಟೆಲ್ಲ ಹೇಳುತ್ತಿರಲಿಲ್ಲ. "ಮಿಲ್ ಹತ್ರ" ಅಂದರೆ ಆಟೋದವನಿಗೂ ಗೊತ್ತಾಗುತ್ತಿತ್ತು, ಹೆಣ್ಣು ಕೊಡುವವರಿಗೂ ಗೊತ್ತಾಗುತ್ತಿತ್ತು.

ಶುಕ್ರವಾರ

ರೈಲು ಇಳಿದಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಸಿಟಿ ಸ್ಟೇಷನ್ನಿಗೆ ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು. ಜನರೆಲ್ಲ ಮೆಜೆಸ್ಟಿಕ್ ಕಡೆಯ ದೊಡ್ಡ ಬಾಗಿಲಿಗೆ ಹೊರಟರು. ನಾನು ಹಿಂದಿನ ಬಾಗಿಲು ಹಿಡಿದೆ. ಹುಡುಗನಾಗಿದ್ದಾಗ ಈ ಕಡೆಯಿಂದ ಹಳಿ ದಾಟಿಕೊಂಡೇ ನಮ್ಮ ಓಡಾಟ. ಮೆಜೆಸ್ಟಿಕ್ ಕಡೆ ಗುಬ್ಬಿ ತೋಟದಪ್ಪನವರ ಛತ್ರ, 1903ರಿಂದ ಇದೆ. ಊರಿಂದ ಬಂದ ನೆಂಟರು ನಮ್ಮ ಒಂದು ರೂಮಿನ ಮನೆಯಲ್ಲಿ ಹಿಡಿಸದಿದ್ದರೆ ಅಲ್ಲಿಗೆ ಹೋಗಿ ಮಲಗುತ್ತಿದ್ದರು. ಬೆಳಗ್ಗೆ ಮತ್ತೆ ಹಳಿ ದಾಟಿ ನಮ್ಮನೆಗೆ ಕಾಫಿಗೆ ಹಾಜರ್.

ಮಾಗಡಿ ರಸ್ತೆಗೆ ಬಂದಾಗ ತಲೆ ಮೇಲೆ ಮೆಟ್ರೊ. 2015ರಲ್ಲಿ ಇಲ್ಲಿಂದ ಮೈಸೂರು ರಸ್ತೆಗೆ ಓಡಲು ಶುರುವಾಯಿತು, ಮರುವರ್ಷ ನೆಲದೊಳಗೆ ಇಳಿದು ಮೆಜೆಸ್ಟಿಕ್ ದಾಟಿ ಪೂರ್ವಕ್ಕೆ ಸೇರಿಕೊಂಡಿತು. ತಂಗಿ ಮಾತ್ರ ಮೆಟ್ರೊ ಹತ್ತಲ್ಲ. "ಬಸ್ಸು ಫ್ರೀ, ಅದಕ್ಯಾಕೆ ದುಡ್ಡು ಕೊಡ್ಲಿ?" ಅನ್ನುತ್ತಾಳೆ. ಫೆಬ್ರವರಿಯಲ್ಲಿ ಮೆಟ್ರೊ ದರ ಏರಿಸಿದ ಮೇಲಂತೂ ಅವಳ ವಾದಕ್ಕೆ ಎದುರಿಲ್ಲ.

ವಠಾರ ಹಾಗೇ ಇತ್ತು. ಎದುರುಬದುರು ಮನೆಗಳ ಸಾಲು, ನಡುವೆ ಕಲ್ಲು ಹಾಸಿದ ಓಣಿ, ತುದಿಯಲ್ಲಿ ನಲ್ಲಿ, ಅದರ ಹಿಂದೆ ಕಕ್ಕಸು. ಹೆಂಚು ಹೋಗಿ ಅಲ್ಲಲ್ಲಿ ತಗಡು ಬಂದಿದೆ. ನಾವಿದ್ದ ಮನೆಗೆ ಬೀಗ. ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲೇ ಕೂತಿದ್ದರು. ನನ್ನನ್ನು ನೋಡಿ ಮೊದಲು ಕೇಳಿದ್ದು, "ತಲೆಕೂದಲು ಎಲ್ಲೋ?"

ಅಜ್ಜಿಯ ಯಜಮಾನರು, ನಮ್ಮಪ್ಪ ಇಬ್ಬರದೂ ಒಂದೇ ಬಟ್ಟೆ ಮಿಲ್ಲು, ಒಂದೇ ಖಾತೆ, ನೂಲು ತೆಗೆಯೋ ಸ್ಪಿನ್ನಿಂಗ್. ವಠಾರದಲ್ಲಿ ಎಲ್ಲರೂ ಹೀಗೆ ಖಾತೆಯ ಲೆಕ್ಕದಲ್ಲೇ ಗುರುತು. ಕಾರ್ಡಿಂಗ್ ಮಾಮ, ವೈಂಡಿಂಗ್ ಅಕ್ಕ, ಜಾಬರ್ ಅಂದರೆ ಮೇಸ್ತ್ರಿ ಮನೆ. ತಮಿಳು, ತೆಲುಗು, ಉರ್ದು, ಕನ್ನಡ ಎಲ್ಲ ಒಂದೇ ನಲ್ಲಿಯ ಸಾಲಿನಲ್ಲಿ ನಿಲ್ಲುತ್ತಿದ್ದವು. ನಲ್ಲಿ ಜಗಳಕ್ಕೆ ಯಾವ ಭಾಷೆ ಜೋರೋ ಅದನ್ನು ಎಲ್ಲರೂ ಕಲಿತರು.

ಕಾವೇರಿ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಅದಕ್ಕೆ ಮೊದಲು ಹೆಸರಘಟ್ಟ, ಆಮೇಲೆ 1933ರ ತಿಪ್ಪಗೊಂಡನಹಳ್ಳಿ ಕೆರೆ. ಮಾಗಡಿ ರಸ್ತೆಯಲ್ಲಿ ಹೀಗೇ ಪಶ್ಚಿಮಕ್ಕೆ ಹೋಗುತ್ತಾ ಇದ್ದರೆ ಸಿಗುವ ಕೆರೆ ಅದು. ಅಪ್ಪ ಹೇಳುತ್ತಿದ್ದರು, ಊರಿಗೆಲ್ಲ ನೀರು ನಮ್ಮ ರಸ್ತೆ ಮೇಲೇ ಹಾದು ಹೋಗ್ತದೆ, ನಮ್ಮ ನಲ್ಲಿಗೆ ಮಾತ್ರ ದಾರಿ ಗೊತ್ತಿಲ್ಲ ಅಂತ.

ಅಜ್ಜಿ ಕಾಫಿ ಮಾಡಲು ಒಳಗೆ ಹೋದರು. ಗ್ಯಾಸ್ ಒಲೆಯ ಪಕ್ಕದ ಮೂಲೆಯಲ್ಲಿ ಹಳೇ ಹೊಟ್ಟಿನ ಒಲೆ ಈಗಲೂ ಇದೆ! ಅದರಲ್ಲಿ ಅಕ್ಕಿ ಚೀಲ ಕಟ್ಟುವ ಹಗ್ಗ ತುಂಬಿಟ್ಟಿದ್ದಾರೆ. ಇದನ್ನು ನೋಡದವರಿಗೆ ಹೇಳಬೇಕು. ತಗಡಿನ ಡಬ್ಬಿ, ಬುಡದಲ್ಲಿ ಪಕ್ಕಕ್ಕೊಂದು ತೂತು. ಆ ತೂತಿನಿಂದ ಒಂದು ಕಟ್ಟಿಗೆ ತೂರಿಸಬೇಕು, ಮಧ್ಯದಲ್ಲಿ ಒಂದು ಸೀಸೆ ನಿಲ್ಲಿಸಬೇಕು. ಸುತ್ತ ಮರದ ಹೊಟ್ಟು ತುಂಬಿ ಕೈಯಿಂದ ಗುದ್ದಿ ಗುದ್ದಿ ಗಟ್ಟಿ ಮಾಡಬೇಕು. ಆಮೇಲೆ ಸೀಸೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಮೇಲಕ್ಕೆ ಎಳೆಯಬೇಕು. ಅವಸರ ಮಾಡಿದರೆ ಗೋಡೆ ಕುಸಿಯುತ್ತೆ, ಮತ್ತೆ ಮೊದಲಿಂದ. ಸರಿಯಾಗಿ ತುಂಬಿದ ಒಲೆ ಊದದೇ ಗಂಟೆಗಟ್ಟಲೆ ಉರಿಯುತ್ತಿತ್ತು, ಅನ್ನ ಸಾರು ಆಗಿ ಸ್ನಾನದ ನೀರೂ ಕಾಯುತ್ತಿತ್ತು. ಸಾಮಿಲ್ಲಿನಿಂದ ಹೊಟ್ಟಿನ ಮೂಟೆ ಹೊತ್ತು ತರೋದು ನನ್ನ ಕೆಲಸ, ಗುದ್ದೋದು ತಂಗಿ ಕೆಲಸ.

ಮಿಲ್ಲಿನ ಬೆಳಗಿನ ಮೊದಲ ಕೂಗಿಗೆ ಅಮ್ಮ ಒಲೆ ಹಚ್ಚುತ್ತಿದ್ದಳು. ಎರಡನೇ ಕೂಗಿಗೆ ಅಪ್ಪ ಸೈಕಲ್ ಹತ್ತುತ್ತಿದ್ದರು. ಗಡಿಯಾರ ಇದ್ದ ಮನೆಯವರೂ ಕೂಗಿಗೆ ಸರಿಯಾಗಿ ಮುಳ್ಳು ತಿರುಗಿಸಿಕೊಳ್ಳುತ್ತಿದ್ದರು. ಒಂದೊಂದು ಮಿಲ್ಲಿನ ಸೈರನ್ ಸ್ವರ ಒಂದೊಂದು ತರ. ಮಕ್ಕಳಿಗೂ ಗೊತ್ತಾಗುತ್ತಿತ್ತು, ಇದು ನಮ್ಮದು, ಇದು ಅವರದು ಅಂತ.

"ಈಗ ಟೈಮ್ ಹೆಂಗೆ ಗೊತ್ತಾಗುತ್ತೆ ಅಜ್ಜಿ?"

"ಈಗ ಟೈಮ್ ಯಾಕೆ ಬೇಕು ನಂಗೆ?"

ಸಂಜೆವರೆಗೂ ಅಲ್ಲೇ ಕೂತೆ. ಅಜ್ಜಿಯ ಕೈ ನೋಡುತ್ತಾ ಕೂತೆ ಅಂದರೂ ಸರಿಯೇ. ಮಿಲ್ಲಿನ ಸಂಬಳ ಯಾವ ಮನೆಗೂ ಸಾಲುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಆದರೆ ಹೆಂಗಸರೆಲ್ಲ ಊದುಬತ್ತಿ ಹೊಸೆಯಲು ಕೂರುತ್ತಿದ್ದರು. ಇದ್ದಿಲ ಪುಡಿ, ಜಿಗಟಿನ ಪುಡಿ ನೀರಲ್ಲಿ ಕಲಸಿದ ಕರೀ ಹಿಟ್ಟು. ಮಣೆ ಮೇಲೆ ಬಿದಿರು ಕಡ್ಡಿ ಇಟ್ಟು ಹಿಟ್ಟನ್ನು ಅಂಗೈಯಲ್ಲಿ ಒಂದು ಎಳೆತ, ಬತ್ತಿ ರೆಡಿ. ಸಾವಿರ ಬತ್ತಿಗೆ ಇಷ್ಟು ಅಂತ ಲೆಕ್ಕ. ಪರಿಮಳ ಇರುತ್ತಿರಲಿಲ್ಲ. ಅದನ್ನು ಆಮೇಲೆ ಕಂಪನಿಯವರು ಅದ್ದುತ್ತಿದ್ದರು. ನಮ್ಮ ಓಣಿಯಲ್ಲಿ ಇದ್ದಿಲಿನ ವಾಸನೆ ಮಾತ್ರ. ಅಷ್ಟು ವರ್ಷ ಹೊಸೆದು ಹೊಸೆದು ಅಜ್ಜಿಯ ಬೆರಳಿನ ಗೆರೆಯೇ ಸವೆದಿದೆ. ಪಿಂಚಣಿಗೆ ವರ್ಷಕ್ಕೊಂದು ಸಲ ಬದುಕಿದ್ದೀನಿ ಅಂತ ಬೆರಳೊತ್ತಿ ತೋರಿಸಬೇಕು. ಮೆಷಿನ್ನು ಬೆರಳು ಹಿಡಿಯಲ್ಲ. "ನಾನು ಇಲ್ಲೇ ನಿಂತಿದ್ದೀನಿ, ಮೆಷಿನ್ನು ಇಲ್ಲ ಅಂತದೆ" ಅಂತ ನಗುತ್ತಾರೆ. ಇಷ್ಟೆಲ್ಲ ಮಾಡಿ ಬರೋದು ತಿಂಗಳಿಗೆ ಸಾವಿರ ರೂಪಾಯಿ. ಪಿಎಫ್ ಪಿಂಚಣಿಯ ಕನಿಷ್ಠ ಮೊತ್ತ 2014ರಲ್ಲಿ ಸಾವಿರಕ್ಕೆ ನಿಂತದ್ದು ಇವತ್ತಿಗೂ ಅಲ್ಲೇ ಇದೆ.

ಶನಿವಾರ

ತಂಗಿ ಮಗಳು ಕಾನೂನು ಓದುತ್ತಿದ್ದಾಳೆ. ಬೆಳಗ್ಗೆ ಅವಳನ್ನು ಕರೆದುಕೊಂಡು ಮಿಲ್ಲುಗಳನ್ನು ನೋಡಲು ಹೊರಟೆ. ನೋಡಲು ಅಂದರೆ, ಗೇಟು ಎಲ್ಲಿತ್ತು ಅಂತ ಹುಡುಕಲು.

ಮೊದಲು ಮಿನರ್ವ ಮಿಲ್. ಉದ್ದಕ್ಕೆ ಗೋಡೆ. ಒಳಗೆ ಎಷ್ಟೋ ವರ್ಷದಿಂದ ಸಿನಿಮಾ ಸೆಟ್ ಹಾಕುತ್ತಾರೆ. ಫೈಟಿಂಗ್ ಸೀನುಗಳಿಗೆ ಹೇಳಿ ಮಾಡಿಸಿದ ಜಾಗವಂತೆ. ಹುಡುಗಿ ಗೋಡೆ ಮುಂದೆ ಗಕ್ಕನೆ ನಿಂತಳು. "ಮಾವ, ಮಿನರ್ವ ಮಿಲ್ಸ್ ಅಂದ್ರೆ ಇದಾ? ಕೇಸಿನದ್ದು?"

ಇದೇ. ಸರ್ಕಾರ 1971ರಲ್ಲಿ ಆಡಳಿತ ವಹಿಸಿಕೊಂಡಿತು, 1974ರ ಕಾಯ್ದೆಯಲ್ಲಿ ರಾಷ್ಟ್ರೀಕರಣ ಆಯಿತು. ಹಳೇ ಮಾಲೀಕರು ಕೋರ್ಟಿಗೆ ಹೋದರು. 1980ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು: ಸಂವಿಧಾನ ತಿದ್ದುವ ಅಧಿಕಾರ ಸಂಸತ್ತಿಗಿದೆ, ಆದರೆ ಅದಕ್ಕೆ ಮಿತಿ ಇದೆ, ಆ ಮಿತಿಯನ್ನೇ ಸಂಸತ್ತು ಅಳಿಸಿಹಾಕುವ ಹಾಗಿಲ್ಲ. ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಈ ಹೆಸರು ಓದುತ್ತಾರೆ. ಹುಡುಗಿ ಪರೀಕ್ಷೆಗೆ ಬಾಯಿಪಾಠ ಮಾಡಿದ್ದಾಳೆ, 42ನೇ ತಿದ್ದುಪಡಿಯ ಯಾವ ಯಾವ ಸೆಕ್ಷನ್ ಬಿತ್ತು ಅಂತ ಪಟಪಟ ಹೇಳಿದಳು. ಗೋಡೆಯಾಚೆ ಬಾಬಿನ್ ಬದಲಾಯಿಸುತ್ತಿದ್ದ ಹುಡುಗರಿಗೆ ಡಾಫರ್ ಅನ್ನುತ್ತಿದ್ದರು, ಅವರ ಸಂಬಳ ಎಷ್ಟಿತ್ತು ಅನ್ನೋದು ಮಾತ್ರ ಅವಳ ಪುಸ್ತಕದಲ್ಲಿಲ್ಲ. ಸಹಜ ಬಿಡಿ. ಆ ಹುಡುಗರಿಗೂ ಕೇಸಿನ ವಿಷಯ ಗೊತ್ತಿರಲಿಲ್ಲ.

ಅಲ್ಲಿಂದ ಬಿನ್ನಿ ಮಿಲ್ ಕಡೆ. 1884ರಲ್ಲಿ ಬೆಂಗಳೂರು ಉಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಅಂತ ಶುರುವಾಗಿ, ಎರಡು ವರ್ಷಕ್ಕೆ ಬಿನ್ನಿ ಕಂಪನಿ ಕೈಗೆ ಬಂತು. ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಖಾಕಿ ಬಟ್ಟೆ, ಕಂಬಳಿ ಹೋದದ್ದು ಇಲ್ಲಿಂದ. ಬಿನ್ನಿ ರೇಷ್ಮೆ ಸೀರೆ ಬಗ್ಗೆ ಈಗಲೂ ಹಳೇ ಹೆಂಗಸರು ಮಾತಾಡುತ್ತಾರೆ. ಆ ಜಾಗದಲ್ಲಿ ಈಗ ಆಕಾಶಕ್ಕೆ ನಿಂತ ಅಪಾರ್ಟ್‌ಮೆಂಟುಗಳು. ಪಕ್ಕದ ರಸ್ತೆಗೆ ಟ್ಯಾಂಕ್ ಬಂಡ್ ರಸ್ತೆ ಅಂತ ಹೆಸರು ಉಳಿದಿದೆ, ಕೆರೆ ಉಳಿದಿಲ್ಲ.

ಗೇಟಿನಲ್ಲಿ ಸೆಕ್ಯುರಿಟಿ ಹುಡುಗ. ರಾಯಚೂರಿನವನು. ಮಾತು ತುಂಬಾ ಮರ್ಯಾದೆ. "ಯಾವ ಫ್ಲ್ಯಾಟ್ ಸರ್? ಆ್ಯಪ್‌ನಾಗ ಅವ್ರು ಓಕೆ ಅಂದ್ರ ಬಿಡ್ತೀನ್ರಿ." ನಮಗೆ ಯಾವ ಫ್ಲ್ಯಾಟೂ ಗೊತ್ತಿಲ್ಲ. ಸುಮ್ನೆ ಮಾತಾಡುತ್ತಾ ನಿಂತೆವು. ಹನ್ನೆರಡು ಗಂಟೆ ಪಾಳಿಯಂತೆ. ಇಲ್ಲಿ ಮಿಲ್ಲಿತ್ತು ಅನ್ನೋದು ಅವನಿಗೆ ಗೊತ್ತು. ಆದರೆ ಅಕ್ಕಿ ಮಿಲ್ಲು ಅಂದುಕೊಂಡಿದ್ದ.

ನಮಗೂ ಮಿಲ್ಲಿನ ಒಳಗೆ ಪ್ರವೇಶ ಇದ್ದದ್ದು ವರ್ಷಕ್ಕೆ ಒಂದೇ ದಿನ, ಆಯುಧ ಪೂಜೆಗೆ. ಅವತ್ತು ಮನೆ ಮಂದಿಯೆಲ್ಲ ಬರಬಹುದು. ಹೊಸ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದೆವು. ಅಪ್ಪನ ಮೆಷಿನ್ನಿಗೆ ಚೆಂಡುಹೂವು, ಕುಂಕುಮ, ಬಾಳೆಕಂದು. ಕುಂಬಳಕಾಯಿ ಒಡೆದ ಕೆಂಪು ನೀರು ನೆಲದಲ್ಲಿ ಹರಿಯುತ್ತಿತ್ತು. ಎಷ್ಟು ಗುಡಿಸಿ ಒರೆಸಿದ್ದರೂ ಮೇಲೆ ತೊಲೆಗಳ ಮೇಲೆ ಹತ್ತಿಯ ಜೊಂಡು ಹಾಗೇ. ನಾನು ಮರೆಯದೇ ಇರೋದು ಅಲ್ಲಿನ ಸದ್ದಿಲ್ಲದ ಸ್ಥಿತಿಯನ್ನು. ಅವತ್ತು ಒಂದು ಮೆಷಿನ್ನೂ ಓಡುತ್ತಿರಲಿಲ್ಲ. ಅಪ್ಪ ಪಕ್ಕದ ಖಾತೆಯವರ ಹತ್ತಿರ ಮೆಲ್ಲಗೆ ಮಾತಾಡುತ್ತಿದ್ದರು. ಮನೆಯಲ್ಲಿ ಅಪ್ಪ ಉಪ್ಪು ಕೇಳಿದರೂ ಕೂಗಿಯೇ ಕೇಳುತ್ತಿದ್ದರು, ಸಿಟ್ಟಿನವರು ಅಂತಲೇ ನಾವು ನಂಬಿದ್ದು. ಕೆಲಸದ ದಿನ ಒಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಲ್ಲ, ತುಟಿ ನೋಡಿ, ಕೈಸನ್ನೆ ಮಾಡಿ ಮಾತಾಡಬೇಕು ಅಂತ ಆಮೇಲೆ ಅಜ್ಜಿಯ ಯಜಮಾನರು ಹೇಳಿದರು.

ಇನ್ನೊಂದು ವಿಷಯ ನಮಗೆ ಬಹಳ ತಡವಾಗಿ ಗೊತ್ತಾಯಿತು. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಅಪ್ಪನಿಗೆ ಎದೆ ಬಿಗಿಯುತ್ತಿತ್ತು. ರಾತ್ರಿಯೆಲ್ಲ ಕೆಮ್ಮು. ಮಾರನೇ ದಿನ ಸ್ವಲ್ಪ ಕಮ್ಮಿ. ರಜೆಯಲ್ಲಿ ತಣ್ಣೀರು ಸ್ನಾನ ಮಾಡಿದ್ದಕ್ಕೆ ಅಂತ ಅಮ್ಮ ಬೈಯುತ್ತಿದ್ದಳು. ಅದು ಹತ್ತಿಯ ಧೂಳಿನ ಕಾಯಿಲೆ, ಡಾಕ್ಟರುಗಳು ಬಿಸಿನೋಸಿಸ್ ಅನ್ನುತ್ತಾರೆ. ಧೂಳಿನಿಂದ ಒಂದು ದಿನ ದೂರ ಇದ್ದು ಮತ್ತೆ ಹೋದಾಗ ಜಾಸ್ತಿ ಕಾಡೋದೇ ಅದರ ಗುರುತು. ಪಾಪ, ತಣ್ಣೀರಿನ ಮೇಲೆ ಎಷ್ಟು ವರ್ಷ ಅಪವಾದ.

ಮಧ್ಯಾಹ್ನ ರಾಜಾ ಮಿಲ್ ಇದ್ದ ಕಡೆ ಹೋದೆವು, ಮಲ್ಲೇಶ್ವರದ ಸಂಪಿಗೆ ರಸ್ತೆ ಬಾಯಿಗೆ. 2010ರಲ್ಲಿ ಅಲ್ಲಿ ಮಾಲ್ ಬಂತು, 2014ರಲ್ಲಿ ಪಕ್ಕದಲ್ಲೇ ಮೆಟ್ರೊ ನಿಲ್ದಾಣ ಬಂತು. ನಿಲ್ದಾಣದ ಹೆಸರಿನಲ್ಲಿ ಮಾಲಿನ ಹೆಸರೂ ಇದೆ, ರಸ್ತೆಯ ಹೆಸರೂ ಇದೆ. ನೂರು ವರ್ಷ ಜನ ಕರೆದ ಮಿಲ್ಲಿನ ಹೆಸರು ಒಂದು ಬೋರ್ಡಿನಲ್ಲೂ ಇಲ್ಲ. ಸಿಟ್ಟು ಬಂತು ಅಂತಲ್ಲ. ಒಳಗೆ ಏಸಿ ತಣ್ಣಗಿತ್ತು, ಐಸ್‌ಕ್ರೀಮ್ ತಿಂದೆವು. ಅಪ್ಪ ಬಂದಿದ್ದರೆ ಪಂಚೆಯಲ್ಲೇ ಬರುತ್ತಿದ್ದರು. ಮಾಗಡಿ ರಸ್ತೆಯ ಇನ್ನೊಂದು ಮಾಲಿನಲ್ಲಿ 2024ರ ಜುಲೈನಲ್ಲಿ ಪಂಚೆ ಉಟ್ಟು ಬಂದ ಹಾವೇರಿ ಕಡೆಯ ಹಿರಿಯರನ್ನು ಒಳಗೆ ಬಿಡದೆ ದೊಡ್ಡ ಗಲಾಟೆಯಾಯಿತಲ್ಲ, ನೆನಪಿರಬಹುದು. ಮಗ ಸಿನಿಮಾ ತೋರಿಸಲು ಕರಕೊಂಡು ಬಂದಿದ್ದ. ಆ ರಸ್ತೆಯಲ್ಲಿ ಪಂಚೆಗೆ ಪ್ರವೇಶ ಇಲ್ಲ ಅಂದರೆ! ಪ್ರಸನ್ನ, ಅಂಜನ್, ವೀರೇಶ್ ಥಿಯೇಟರುಗಳು ತುಂಬುತ್ತಿದ್ದದ್ದೇ ಪಂಚೆ, ಲುಂಗಿಗಳಿಂದ. ಗಾಂಧಿ ಕ್ಲಾಸಿನಲ್ಲಿ ಕೂತು ಮೊದಲ ಸೀಟಿ ಹೊಡೆದವರು ಎರಡನೇ ಪಾಳಿ ತಪ್ಪಿಸಿ ಬಂದವರೇ.

ರಾತ್ರಿ ಊಟ ಮುಗಿಸಿ ಕಾಟನ್‌ಪೇಟೆಗೆ ನಡೆದೆವು. ಮೆಜೆಸ್ಟಿಕ್ ಹಾದು ಹೋದೆವು. ಧರ್ಮಾಂಬುಧಿ ಕೆರೆ ಹೋಗಿ ಬಸ್ ಸ್ಟ್ಯಾಂಡ್ ಆದದ್ದು ನಮ್ಮ ಹಿಂದಿನವರ ಕಾಲದ ಕಥೆ. ಥಿಯೇಟರುಗಳು ಹೋದದ್ದು ನಮ್ಮ ಕಣ್ಣೆದುರಿಗೆ. 1968ರ ಕಪಾಲಿ ಇಲ್ಲ. ಅಲಂಕಾರ್ ಹೋಗಿ ಪ್ಲಾಜಾ ಆಗಿ ಕಾಲ ಕಳೆದಿದೆ. ಆ ಮೆಜೆಸ್ಟಿಕ್ ಅನ್ನೋ ಥಿಯೇಟರೇ ಇಲ್ಲ, ಹೆಸರು ಮಾತ್ರ ಕಂಡಕ್ಟರ್ ಬಾಯಲ್ಲಿ ದಿನಕ್ಕೆ ಸಾವಿರ ಸಲ.

ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾ ಹತ್ತಿರ ಜಾಗ ಹಿಡಿದೆವು. ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಕರಗ ಬಂದು ಹೋಗೋದು ಹಳೇ ಪದ್ಧತಿ. ಬೀದಿ ತುಂಬಾ ಕಡಲೆಪುರಿ, ಬತ್ತಾಸು, ಬಲೂನು. ಸುತ್ತಲಿನ ಪೇಟೆಗಳಿಂದ ಹೂವಿನ ಪಲ್ಲಕ್ಕಿಗಳು. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನಿದ್ದೆ ಹೋಗುತ್ತಿದ್ದೆ. ಮಲ್ಲಿಗೆ ವಾಸನೆ ಬಂದಾಗ ಅಪ್ಪ ತೊಡೆ ಚಿವುಟಿ ಎಬ್ಬಿಸುತ್ತಿದ್ದರು. ಈಗಲೂ ಹಾಗೇ, ಮೊದಲು ಬಂದದ್ದು ವಾಸನೆ. ಆಮೇಲೆ "ಗೋವಿಂದಾ ಗೋವಿಂದಾ" ಕೂಗು. ಬಿಚ್ಚುಗತ್ತಿ ಹಿಡಿದ ವೀರಕುಮಾರರು ಓಡಿ ಬಂದರು, ಹಿಂದೆಯೇ ಮಲ್ಲಿಗೆ ಮುಚ್ಚಿದ ಕರಗ. ಹೊತ್ತವರು ಅರಿಸಿನ ಬಣ್ಣದ ಸೀರೆ, ಬಳೆ ತೊಟ್ಟು ದ್ರೌಪದಿಯೇ ಆಗಿರುತ್ತಾರೆ. ತಲೆ ಮೇಲಿನದನ್ನು ಕೈಯಿಂದ ಹಿಡಿಯುವಂತಿಲ್ಲ. ಕುಣಿಯುತ್ತಲೇ ಬಂದರು, ಕುಣಿಯುತ್ತಲೇ ಹೋದರು. ನನ್ನ ಮುಂದೆ ನಿಂತಿದ್ದ ಮುಸ್ಲಿಂ ಹೆಂಗಸು ಮಗುವಿನ ತಲೆಯನ್ನು ಕರಗದ ಕಡೆ ಬಗ್ಗಿಸಿದಳು. ಜನ ತಳ್ಳಿದ ರಭಸಕ್ಕೆ ನನ್ನ ಒಂದು ಚಪ್ಪಲಿ ಹೋಯಿತು. ಸಿಕ್ಕಲಿಲ್ಲ.

ಇಡೀ ದಿನ ಹುಡುಕಿದ ಗುಂಪು ನನಗೆ ಕಂಡದ್ದು ಅಲ್ಲೇ. ಒಂದೇ ಹೊತ್ತಿಗೆ, ಒಂದೇ ಕಡೆಗೆ ಹೋಗುವ ಜನ. ಪಾಳಿ ಬಿಟ್ಟಾಗ ಮಿಲ್ ಗೇಟಿನಿಂದ ಹೀಗೇ ನುಗ್ಗಿ ಬರುತ್ತಿದ್ದರು.

ಭಾನುವಾರ

ಮಧ್ಯಾಹ್ನದವರೆಗೆ ನಿದ್ದೆ. ತಂಗಿ ಮನೆ ಕಾಮಾಕ್ಷಿಪಾಳ್ಯದಲ್ಲಿ, ಸುತ್ತ ಸಣ್ಣ ಸಣ್ಣ ವರ್ಕ್‌ಶಾಪುಗಳು. ಭಾನುವಾರವೂ ಎಲ್ಲೋ ಒಂದು ಲೇತ್ ಕಿರ್ರ್ ಅನ್ನುತ್ತಿತ್ತು. ತಂಗಿಗೆ ವಾರಕ್ಕೊಂದೇ ರಜೆ. ಬಟ್ಟೆ ಒಗೆದು, ಮನೆ ಒರೆಸಿ, ಸಾಂಬಾರ್ ಪುಡಿ ಹುರಿಯುತ್ತಾ ನನ್ನ ಮಾತು ಕೇಳಿಸಿಕೊಂಡಳು.

ನಾನು ಗೇಟಿನ ವಿಷಯ ಹೇಳುತ್ತಿದ್ದೆ. ಆಗ ದುಡಿಮೆಗೆ ಒಂದು ಗೇಟಿತ್ತು. ತಿಂಗಳ ಹತ್ತರೊಳಗೆ ಸಂಬಳ ಆಗಬೇಕು, ಅವತ್ತು ಗೇಟಿನ ಮುಂದೆ ಜಾತ್ರೆ. ಹೆಂಡತಿಯರು ಒಂದು ಕಡೆ ಕಾಯುತ್ತಿದ್ದರು, ಬಡ್ಡಿಯವರು ಇನ್ನೊಂದು ಕಡೆ. ಯಾರ ಕೈಗೆ ಮೊದಲು ಸಿಕ್ಕುತ್ತಾನೋ ಅದರ ಮೇಲೆ ಆ ತಿಂಗಳ ಸಂಸಾರ. ಅಮ್ಮ ಒಮ್ಮೆ ಬಡ್ಡಿಯವನಿಗಿಂತ ಮುಂಚೆ ಅಪ್ಪನ ಶರ್ಟಿನ ಜೇಬಿಗೆ ಕೈ ಹಾಕಿದ್ದನ್ನು ನಾನೇ ನೋಡಿದ್ದೇನೆ. ಯೂನಿಯನ್‌ನವರು ಕಲ್ಲಿನ ಮೇಲೆ ಹತ್ತಿ ನಿಂತು ಗೇಟ್ ಮೀಟಿಂಗ್ ಮಾಡುತ್ತಿದ್ದರು. ಮೈಕಿಲ್ಲ. ಆ ಗಂಟಲಿಗೆ ಬೇಕಾಗಿಯೂ ಇರಲಿಲ್ಲ. ಈಗ ಅದೆಲ್ಲಿದೆ? ಡೆಲಿವರಿ ಹುಡುಗರು ಒಬ್ಬೊಬ್ಬರೇ ಬೈಕಲ್ಲಿ. ಸೆಕ್ಯುರಿಟಿ ಹುಡುಗ ಒಬ್ಬನೇ ಕುರ್ಚಿಯಲ್ಲಿ. ಅವರ ಯಜಮಾನ ಫೋನಿನೊಳಗೆ. ಗೇಟೇ ಇಲ್ಲದ ಮೇಲೆ ಎಲ್ಲಿ ನಿಂತು ಕೂಗೋದು?

"ಗೇಟ್ ಇಲ್ಲ ಅಂತ ಯಾರಂದ್ರು?" ತಂಗಿ ಬಾಣಲೆ ಇಳಿಸಿದಳು. "ನಾನು ದಿನಾ ಹೋಗ್ತೀನಲ್ಲ, ಅದೇನು? ಪೀಣ್ಯದಲ್ಲಿ ಸಂಜೆ ಬಂದು ನಿಂತ್ಕೊ. ಗೇಟ್ ಬಿಟ್ಟಾಗ ರೋಡಲ್ಲಿ ಕಾಲಿಡಕ್ಕೆ ಜಾಗ ಇರಲ್ಲ. ಎಲ್ಲ ಹೆಂಗಸ್ರು ಅಂತ ನಿಂಗೆ ಕಾಣಲ್ಲ ಅಷ್ಟೆ."

ಅವಳು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಾಳೆ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್, ಬೋರ್ಡಿನಲ್ಲಿ ಬರೆದು ನೇತು ಹಾಕುತ್ತಾರೆ. ಟಾಯ್ಲೆಟ್ಟಿಗೆ ಹೋದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಾಯಿಸಿತ್ತು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗೋವರೆಗೆ ತೆಗೆಯೋ ಹಾಗಿಲ್ಲ ಅಂತ. ಏಪ್ರಿಲ್ 18ಕ್ಕೆ ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದರು. 19ರ ಸಂಜೆ ಹೊತ್ತಿಗೆ ಸರ್ಕಾರ ಆದೇಶ ವಾಪಸ್ ತಗೊಂಡಿತು. ತಂಗಿ ಜಾಲಹಳ್ಳಿ ಕ್ರಾಸಿನಲ್ಲಿದ್ದಳು. ಆ ವಿಷಯ ನನಗೆ ಇದುವರೆಗೂ ಹೇಳಿರಲಿಲ್ಲ.

"ಯಾರು ಕರೆದ್ರು ನಿಮ್ಮನ್ನ?"

"ಯಾರೂ ಇಲ್ಲ. ಪಕ್ಕದ ಗೇಟಿನವ್ರು ಬಂದ್ರು, ನಾವೂ ಬಂದ್ವಿ. ಮಗಳ ಫೀಸಿಗೆ ಅಂತ ಇಟ್ಟಿದ್ದ ದುಡ್ಡು ಅದು. ಐವತ್ತೆಂಟು ಅಂದ್ರೆ ಕಾಯ್ತಾ ಕೂರಕ್ಕಾಗತ್ತಾ? ಅಷ್ಟು ವರ್ಷ ಯಾರನ್ನ ಇಟ್ಕೋತಾರೆ ಗಾರ್ಮೆಂಟ್ಸಲ್ಲಿ?"

ಮಗಳು ಒಳಗಿನ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಓದುತ್ತಿದ್ದಳು. ನಾವಿಬ್ಬರೂ ಸ್ವಲ್ಪ ಹೊತ್ತು ಧನಿಯಾ ಆರಿಸಿದೆವು. ಮಿಲ್ಲುಗಳ ದೊಡ್ಡ ಕಾಲದಲ್ಲಿ ಅಷ್ಟು ಬೇಗ ಯಾವ ಸ್ಟ್ರೈಕೂ ಗೆದ್ದದ್ದು ನನಗೆ ನೆನಪಿಲ್ಲ. ಎಲ್ಲ ತಿಂಗಳುಗಟ್ಟಲೆ ಎಳೆದು, ಮನೆಯ ಪಾತ್ರೆಗಳು ಮಾರ್ವಾಡಿ ಅಂಗಡಿ ಸೇರಿ ಮುಗಿಯುತ್ತಿದ್ದವು.

ಸೋಮವಾರ

ಶ್ರೀರಾಮಪುರಕ್ಕೆ ಹೋಗಬೇಕು ಅಂತ ಮೊದಲೇ ಅಂದುಕೊಂಡಿದ್ದೆ. ಮಾವನ ಮನೆ ಇದ್ದದ್ದು ಅಲ್ಲಿ. 1898ರಲ್ಲಿ ಪ್ಲೇಗ್ ಬಂದ ಮೇಲೆ ಊರು ಬೆಳೆಯಲಿ ಅಂತ ಮಲ್ಲೇಶ್ವರ, ಬಸವನಗುಡಿ ಬಡಾವಣೆ ಮಾಡಿದರು. ಅಗಲ ರಸ್ತೆ, ಮುಂದೆ ತೋಟ. ರೈಲು ಹಳಿಯ ಈಚೆ ಶ್ರೀರಾಮಪುರದಲ್ಲಿ ಮಿಲ್ ಕೆಲಸದವರ ಇಕ್ಕಟ್ಟು ಮನೆಗಳು. ಆಚೆಯ ಮನೆಗಳಲ್ಲಿ ಸಂಗೀತ ಪಾಠ, ಈಚೆ ರಾಜಕಾಲುವೆ. ಆ ಕಾಲುವೆ ಒಂದು ಕಾಲಕ್ಕೆ ವೃಷಭಾವತಿ ನದಿ. ಹುಟ್ಟೋದು ಮಲ್ಲೇಶ್ವರದ ಕಾಡು ಮಲ್ಲೇಶ್ವರನ ಹತ್ತಿರ ಅನ್ನುತ್ತಾರೆ, ಅಲ್ಲಿ ತೀರ್ಥ. ನಮ್ಮ ಕಡೆ ಬರುವಷ್ಟರಲ್ಲಿ ಮೂಗು ಮುಚ್ಚಿಕೊಳ್ಳಬೇಕು.

ಅವತ್ತು ಮಾತ್ರ ಬೀದಿಯೆಲ್ಲ ನೀಲಿ. ನೀಲಿ ಬಾವುಟ, ನೀಲಿ ಶಾಲು, ಬಾಬಾಸಾಹೇಬರ ಫೋಟೊಗೆ ಆಳೆತ್ತರದ ಹಾರ. ಸ್ಪೀಕರಿನಲ್ಲಿ ಕನ್ನಡ ಹಾಡು ಮುಗಿದರೆ ತಮಿಳು ಹಾಡು. ಮೂಲೆಮೂಲೆಗೂ ಮಜ್ಜಿಗೆ, ಪಲಾವ್. ಒಬ್ಬ ಹುಡುಗ ತಟ್ಟೆ ಕೊಟ್ಟು "ತಿನ್ನಿ ಅಂಕಲ್, ಮೊಸರುಬಜ್ಜಿ ಆ ಕಡೆ" ಅಂದ. ಮಾವನ ಮನೆ ಇದ್ದ ಜಾಗದಲ್ಲಿ ನಾಲ್ಕು ಅಂತಸ್ತಿನ ಬಾಡಿಗೆ ಮನೆ. ಕೆಳಗಡೆ ಕೊರಿಯರ್ ಗೋಡೌನ್. ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ, ಪಲಾವ್ ಚೆನ್ನಾಗಿತ್ತು.

ಮಧ್ಯಾಹ್ನ ವಠಾರಕ್ಕೆ ವಾಪಸ್. ಅಜ್ಜಿ ಜೂನ್‌ವರೆಗೆ ಕಾಯಲು ತಯಾರಿಲ್ಲ. ಮೊಮ್ಮಗ ಸುಂಕದಕಟ್ಟೆಯಲ್ಲಿ ಮನೆ ನೋಡಿದ್ದಾನೆ, ರಜೆ ದಿನ ಸಾಮಾನು ಸಾಗಿಸಿಬಿಡೋಣ ಅಂತ ಲಗೇಜ್ ಆಟೋ ಕರೆಸಿದ್ದ. ನಾನೂ ಕೈ ಹಾಕಿದೆ. ಕಬ್ಬಿಣದ ಮಂಚ, ಎರಡು ಟ್ರಂಕು, ಮಿಕ್ಸಿ, ದೇವರ ಪಟಗಳು. ಬತ್ತಿ ಹೊಸೆಯುವ ಮಣೆಯನ್ನು ಮೊಮ್ಮಗ ಓಣಿಯಲ್ಲೇ ಬಿಟ್ಟಿದ್ದ. ಅಜ್ಜಿ ಬೈದು ಆಟೋಗೆ ಹಾಕಿಸಿದರು. ಚಪಾತಿ ಲಟ್ಟಿಸಲು ಬೇಕಂತೆ. ಹೊಟ್ಟಿನ ಒಲೆಯನ್ನು ಗುಜರಿಯವನು ತೂಗಿ ಕೊಂಡುಕೊಂಡ. ಅವನು ಹೇಳಿದ ರೇಟಿಗೆ ಅಜ್ಜಿ ಒಪ್ಪಲಿಲ್ಲ. ಐದು ರೂಪಾಯಿ ಜಾಸ್ತಿ ವಸೂಲಿ ಮಾಡಿಯೇ ಬಿಟ್ಟರು.

ಸುಂಕದಕಟ್ಟೆಯ ಮನೆ ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ನೀರು ದಿನ ಬಿಟ್ಟು ದಿನ, ಬೋರ್‌ವೆಲ್ಲಿನದು. ಆದರೆ ಕಕ್ಕಸು ಮನೆಯೊಳಗೇ ಇದೆ. ಅಜ್ಜಿ ಅದರ ಬಾಗಿಲನ್ನು ತೆಗೆದು, ಹಾಕಿ, ಚಿಲಕ ಭದ್ರವಾಗಿದೆಯಾ ಅಂತ ನೋಡಿ, ಮತ್ತೆ ತೆಗೆದರು. ರಾತ್ರಿ ಮಳೆಯಲ್ಲಿ ಗೋಣಿ ತಲೆ ಮೇಲೆ ಹಾಕಿಕೊಂಡು ಓಣಿ ತುದಿಗೆ ಹೋಗಿ ಸಾಲು ನಿಂತವರಿಗೆ ಅದರ ಬೆಲೆ ಗೊತ್ತು. ವಠಾರ ಹೋಗ್ತಿದೆ ಅಂತ ಬೇಜಾರು ಮಾಡಿಕೊಂಡು ಬಂದವನು ನಾನು. ಅಲ್ಲೇ ಇದ್ದವರಿಗೆ ಅಷ್ಟೇನೂ ಬೇಜಾರಿದ್ದ ಹಾಗೆ ಕಾಣಲಿಲ್ಲ.

ಮೊಮ್ಮಗ ರೇಷನ್ ಕಾರ್ಡ್, ಗ್ಯಾಸು, ಆಧಾರ್ ಎಲ್ಲದಕ್ಕೂ ವಿಳಾಸ ಬದಲಾಯಿಸಬೇಕು ಅಂತ ಫೋನಿನಲ್ಲಿ ಏನೋ ಒತ್ತುತ್ತಾ ಕೂತಿದ್ದ. ನನ್ನ ರೈಲು ರಾತ್ರಿಗೆ. ಹೊರಡುವ ಮುಂಚೆ ಅಜ್ಜಿ ಒಂದು ಪ್ಲಾಸ್ಟಿಕ್ ಕವರ್ ಕೈಗೆ ಕೊಟ್ಟರು. ಒಳಗೆ ಪಿಂಚಣಿ ಕಾಗದ, ಬ್ಯಾಂಕ್ ಪಾಸ್‌ಬುಕ್ಕು, ಯಜಮಾನರ ಮಿಲ್ ಗುರುತಿನ ಚೀಟಿ.

"ನವೆಂಬರಿಗೆ ಮತ್ತೆ ಬೆರಳು ಕೇಳ್ತಾರೆ. ಈಗ ಮುಖ ನೋಡಿಯೂ ಮಾಡ್ತಾರಂತಲ್ಲ, ಫೋನಲ್ಲಿ? ಅದನ್ನ ಈ ಹುಡುಗನಿಗೆ ಕಲಿಸಿಕೊಟ್ಟು ಹೋಗು."

ಟಿಕೆಟ್ಟಿನ ಹೊತ್ತು ನೋಡಿಕೊಂಡೆ. ಟೈಮ್ ಇತ್ತು. ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದೆ, ಹುಡುಗನಿಗೆ ಆ್ಯಪ್ ಡೌನ್‌ಲೋಡ್ ಮಾಡು ಅಂದೆ. ಅಜ್ಜಿ ಬೆಳಕಿಗೆ ಮುಖ ಮಾಡಿ ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡರು. ಮೊದಲ ಸಲ ಕಣ್ಣು ಮಿಟುಕಿಸಿಲ್ಲ ಅಂತ ಫೋನು ಒಪ್ಪಲಿಲ್ಲ.